ಎಡಗೈ ಗುಡ್ಡದ ಮೊದಲ ತುತ್ತು

ಕೊಪ್ಪಳ ಸೀಮೆಯ ಬಂಡೆಗಳ ನಡುವೆ ಎಡಗೈ ಗುಡ್ಡವೆಂಬ ಬೋಳು ಗುಡ್ಡವಿದೆ. ಅದರ ನೆತ್ತಿಯಲ್ಲಿ ಕುರುಬರ ದೇವರು ಗುಡ್ಡದಯ್ಯನ ಗುಡಿ. ಅಯ್ಯನ ಕಾಲ ಬುಡದಲ್ಲಿ ಕಲ್ಲಿನ ಎರಡು ತೋಳಗಳು ಕೂತಿವೆ. ಬಂದವರೆಲ್ಲ ಪೂಜಾರಿಯಾದ ನನ್ನನ್ನು ಕೇಳುವುದು ಒಂದೇ ಮಾತು: ಕುರಿ ಕಾಯುವ ದೇವರಿಗೆ ಕುರಿ ತಿನ್ನುವ ತೋಳ ಯಾಕೆ? ದೇವಿ ಸಿಂಹದ ಮೇಲೆ ಕೂತರೆ ಇವರು ಕೇಳುವುದಿಲ್ಲ, ಅಷ್ಟು ದೊಡ್ಡ ಗಣಪ ಇಲಿ ಏರಿದರೂ ಕೇಳುವುದಿಲ್ಲ. ನಮ್ಮ ಅಯ್ಯ ಮಾತ್ರ ಜವಾಬು ಕೊಡಬೇಕು.

ಕೇಳದೆ ಕೈಮುಗಿದವಳು ಧಾರವಾಡದಿಂದ ಬಂದ ಒಬ್ಬ ಓದುವ ಹುಡುಗಿ. ನಾರ್ವೆ ಕಡೆಯ ಹಿಮದ ನಾಡಿನಲ್ಲಿ ಹಿಂದೆ ಓಡಿನ್ ಎಂಬ ದೇವರಿದ್ದನಂತೆ; ತನ್ನ ತಟ್ಟೆಯ ಮಾಂಸವನ್ನೆಲ್ಲ ಎರಡು ತೋಳಗಳಿಗೆ ಹಾಕಿ ತಾನು ಬರೀ ಮದ್ಯ ಕುಡಿಯುತ್ತಿದ್ದನಂತೆ. ಆ ತೋಳಗಳ ಹೆಸರಿನ ಅರ್ಥವೇ ಹಸಿವು, ಆಸೆ ಎಂದಳು. ನಮ್ಮ ಹಿರಿಯರು ಹೇಳುವುದೂ ಅದನ್ನೇ. ತೋಳವೆಂದರೆ ಹಸಿವು, ಹಸಿವಿಗೆ ಮೊದಲು ಬಡಿಸಿದವನೇ ದೇವರು. ಅದಕ್ಕೇ ಸೋಮವಾರ ಹೊತ್ತು ಇಳಿಯುವಾಗ ಗುಡಿಯ ಹಿಂದಿನ ಬಂಡೆಯ ಮೇಲೆ ತೋಳಗಳಿಗೆ ಮೀಸಲು ಇಡುವುದು. ಇಡುವವರು ಅದರ ಮೊದಲ ತುತ್ತನ್ನು ತಾವು ಉಂಡು ಇಡಬೇಕು, ಅದು ಕಟ್ಟಳೆ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ನಾಯಕನೊಬ್ಬನ ಮೆಚ್ಚಿನ ಕುದುರೆಮರಿಯನ್ನು ತೋಳಗಳು ತಿಂದವು ಎನ್ನುತ್ತಾರೆ. ಅವನು ಬಲೆ ಹಾಕಿದ, ಗುಂಡಿ ತೋಡಿಸಿದ; ಒಂದೂ ಸಿಗಲಿಲ್ಲ. ಮೀಸಲಿಗೆ ಮಾತ್ರ ಅವು ತಪ್ಪದೆ ಬರುತ್ತವೆಂದು ಯಾರೋ ಕಿವಿ ಊದಿದರು. ಮೀಸಲು ಇಡುವ ಸರದಿ ಆಗ ಕರೆವ್ವನೆಂಬ ವಿಧವೆಯದು. ಆ ವರ್ಷ ಅವಳ ಹಿಂಡಿನಲ್ಲೂ ಮೂರು ಕುರಿಗಳು ತೋಳದ ಪಾಲಾಗಿದ್ದವು. ಇವಳು ಒಪ್ಪಿಯೇ ಒಪ್ಪುತ್ತಾಳೆಂದು ನಾಯಕ ಕಾಸರಕದ ವಿಷದ ಬೀಜ ಅರೆದು ಹಾಕಿದ ಮಾಂಸ ಕಳಿಸಿದ. ಇಡದಿದ್ದರೆ ನಿನ್ನ ಹಿಂಡು ಗುಡ್ಡ ಹತ್ತುವಂತಿಲ್ಲ ಎಂದೂ ಹೇಳಿಸಿದ. ಮೇವಿಗೆ ಅವಳಿಗಿದ್ದದ್ದು ಆ ಗುಡ್ಡ ಒಂದೇ.

"ಕುರಿ ಮ್ಯಾಲ ಬಿದ್ರ ಬಡಿಗಿ ತಗೊಂಡು ಬೆನ್ನತ್ತೀನ್ರೀ," ಎಂದಳು ಕರೆವ್ವ. "ಉಣ್ಣಾಕ ಬಾ ಅಂತ ಕರದು ವಿಷಾ ಹಾಕೂದು ನನ್ನ ಕೈಲಿ ಆಗಂಗಿಲ್ಲ." ಮಾಂಸವನ್ನು ಹಾಗೆಯೇ ತಿರುಗಿಸಿ ಕಳಿಸಿದಳು.

ನಾಯಕನಿಗೆ ಮೈಯೆಲ್ಲ ಉರಿದುಹೋಯಿತು. ಸೋಮವಾರ ತಾನೇ ಆ ಮಾಂಸದ ತಟ್ಟೆಯನ್ನು ಬಲಗೈಯಲ್ಲಿ ಹಿಡಿದು, ಆಳುಗಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದ. ಕಟ್ಟಳೆಯ ಅರ್ಧವನ್ನಷ್ಟೇ ಕೇಳಿಕೊಂಡು ಬಂದಿದ್ದ, ಪಾಪ. ಸುತ್ತ ಮೂರು ಹಟ್ಟಿಯ ಕುರುಬರು ಕೂತಿದ್ದರು. ಕರೆವ್ವ ಬಂಡೆಗೆ ಅಡ್ಡ ನಿಂತು, "ಮೊದಲ ತುತ್ತು ನಿಮ್ಮದ್ರೀ ಧಣ್ಯಾರ," ಎಂದಳು. ನಾಯಕ ತಟ್ಟೆಯನ್ನು ನೋಡಿದ, ಜನರನ್ನು ನೋಡಿದ. ಉಣ್ಣಲಿಲ್ಲ. ಅವಳು ಬಲಗೈ ಚಾಚಿ ತಟ್ಟೆ ಕಸಿದು ಪಕ್ಕದಲ್ಲಿ ಉರಿಯುತ್ತಿದ್ದ ಧುನಿಯ ಬೆಂಕಿಗೆ ಸುರಿದಳು. ಅವನು ಅಲ್ಲೇ ಆ ಕೈಯನ್ನು ಕಡಿಸಿದ. ಇನ್ನೊಮ್ಮೆ ಯಾರು ಮೀಸಲು ಇಟ್ಟರೂ ಅವರಿಗೂ ಇದೇ ಗತಿ ಎಂದು ಸಾರಿ ಹೋದ.

ಹಿಮದ ನಾಡಿನಲ್ಲೂ ಇಂಥದೊಂದು ಕಥೆಯಿದೆಯಂತೆ. ದೇವರುಗಳು ದೊಡ್ಡ ತೋಳವೊಂದನ್ನು ಕಟ್ಟಿಹಾಕುವಾಗ, ಮೋಸವಿಲ್ಲ ಎಂದು ನಂಬಿಸಲು ಒಬ್ಬ ದೇವರು ಅದರ ಬಾಯಲ್ಲಿ ಕೈಯಿಟ್ಟನಂತೆ. ಮೋಸವಿತ್ತು, ಕೈ ಹೋಯಿತು. ನಮ್ಮಲ್ಲಿ ಕೈ ಹೋದದ್ದು ಮೋಸ ಮಾಡದವಳದು, ಕಡಿದದ್ದು ಮನುಷ್ಯ. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಮುಂದಿನ ಸೋಮವಾರ ಕರೆವ್ವ ಎಡಗೈಯಲ್ಲಿ ತಟ್ಟೆ ಹಿಡಿದು ಬಂದಳು. ನಾಯಕನ ಆಳುಗಳು ಕತ್ತಿ ಹಿರಿದು ನಿಂತಿದ್ದರು. ಅವಳ ಹಿಂದೆ ಮೂರು ಹಟ್ಟಿಯ ಗಂಡಸರು, ಹೆಂಗಸರು, ಮುದುಕರು ಸಾಲುಗಟ್ಟಿ ಬಂದರು. ಎಲ್ಲರ ಎಡಗೈಯಲ್ಲೂ ರೊಟ್ಟಿ, ಬಲಗೈ ಕಂಬಳಿಯೊಳಗೆ. ಒಬ್ಬೊಬ್ಬರೂ ಮೊದಲ ತುತ್ತು ಉಂಡು, ಉಳಿದದ್ದನ್ನು ಬಂಡೆಯ ಮೇಲಿಟ್ಟರು. ಆಳುಗಳು ಎಷ್ಟು ಕೈ ಕಡಿದಾರು? ಕತ್ತಿ ಒರೆಗೆ ಸೇರಿಸಿ ಇಳಿದುಹೋದರು. ನಾಯಕ ಮತ್ತೆ ಈ ಗುಡ್ಡ ಹತ್ತಲಿಲ್ಲ ಎನ್ನುತ್ತಾರೆ.

ಅವನ ಕೋಟೆ ಎಲ್ಲಿತ್ತೆಂದು ಈಗ ಯಾರಿಗೂ ಗೊತ್ತಿಲ್ಲ. ಆ ಬಂಡೆಯ ಪಕ್ಕದಲ್ಲಿ ಒಂದು ಕೈಯಿಲ್ಲದ ಹೆಂಗಸನ್ನು ಕೆತ್ತಿದ ಕಲ್ಲಿದೆ, ನೋಡಬಹುದು. ಮೀಸಲನ್ನು ಇಂದಿಗೂ ನಾವು ಎಡಗೈಯಲ್ಲೇ ಇಡುತ್ತೇವೆ. ಹೋದ ಸೋಮವಾರ ಮೀಸಲು ಇಡಲು ಬಂದ ದೊಡ್ಡ ಮನುಷ್ಯರೊಬ್ಬರು ಮೂಗು ಮುರಿದು, "ದೇವರ ಕೆಲಸಕ್ಕೆ ಎಡಗೈಯೇ?" ಎಂದರು. ವಿಷ ಬಂದದ್ದು ಬಲಗೈಯಲ್ಲಿ ಎಂದು ಹೇಳಿ, ನನ್ನ ಎಡಗೈಯಿಂದಲೇ ಅವರಿಗೆ ಮೊದಲ ತುತ್ತು ಕೊಟ್ಟೆ. ಉಂಡರು.