ಕಂಬದಿಂದ ಕಂಬಕ್ಕೆ

“ಮೇಷ್ಟ್ರೇ, ಪಟ್ಟಿಯನ್ನು ಮೊದಲಿಂದ ಕೊನೆಯವರೆಗೂ ಒಂದೊಂದಾಗಿ ನೋಡುತ್ತಾ, ಬೇಡವಾದ ಹೆಸರನ್ನು ಸಿಕ್ಕಲ್ಲೇ ತೆಗೆದುಹಾಕುವಂತೆ ಪ್ರೋಗ್ರಾಂ ಬರೆದೆ. ಒಂದು ಸ್ಥಾನವನ್ನೂ ಬಿಟ್ಟಿಲ್ಲ. ಆದರೂ ಒಂದು ಹೆಸರನ್ನು ಅದು ನೋಡಿಯೇ ಇಲ್ಲ. ಇದು ಯಂತ್ರದ ತಪ್ಪಲ್ಲವೇ?” ಎಂದು ವಸುಮತಿ ಕೇಳಿದಳು.

ಕಂಪ್ಯೂಟರ್ ಪಾಠ ಹೇಳುವ ಕಂಠಿ ಮೇಷ್ಟ್ರು ಕನ್ನಡಕ ತೆಗೆದಿಟ್ಟರು. “ಯಂತ್ರವನ್ನು ಬೈಯಬೇಡ ತಾಯಿ, ಅದಕ್ಕೇನು ಗೊತ್ತು ಪಾಪ! ಕೇಳು,” ಎಂದರು.

ಒಂದು ಊರಿಗೆ ಪ್ಲೇಗು ಬಂತು. ಅಲ್ಲೊಬ್ಬ ವೈದ್ಯ. ಕಾಯಿಲೆಯವರನ್ನೆಲ್ಲ ಊರ ಹೊರಗಿನ ಛತ್ರದಲ್ಲಿ, ಕಂಬಕ್ಕೊಬ್ಬರಂತೆ ಸಾಲಾಗಿ ಮಲಗಿಸಿದ. ದಿನಾ ಬೆಳಿಗ್ಗೆ ಮೊದಲ ಕಂಬದಿಂದ ಹೊರಟು ಬಟ್ಟಲಲ್ಲಿ ಕಷಾಯ ಕೊಡುತ್ತಾ ಹೋಗುತ್ತಿದ್ದ. ಕುಡಿದವರು ಹೇಗೋ ಜೀವ ಹಿಡಿದುಕೊಂಡಿದ್ದರು. ಒಂದು ದಿನ ತಪ್ಪಿದರೂ ಮುಗಿಯಿತು. ಅವನ ಹೆಂಡತಿಯೂ ಅದೇ ಸಾಲಿನಲ್ಲಿದ್ದಳು. ನನ್ನವಳೆಂದು ಬೇರೆ ಮಲಗಿಸಿದರೆ ಜನ ಏನೆಂದಾರು ಎಂಬ ಹಟ ಅವನದು.

ಸತ್ತವರ ಜಾಗ ಖಾಲಿ ಬಿಡಬಾರದು ಎಂಬುದು ಆ ಊರಿನ ಪದ್ಧತಿ. ಹೆಣ ಎತ್ತಿದ ಕೂಡಲೇ ಆಳುಗಳು ಆಚೆಗಿದ್ದವರ ಚಾಪೆಗಳನ್ನೆಲ್ಲ ಒಂದೊಂದು ಕಂಬ ಈಚೆಗೆ ಎಳೆಯುತ್ತಿದ್ದರು. ಆ ಹೊತ್ತಿನಲ್ಲಿ ವೈದ್ಯ, ಹೆಣ ಮುಟ್ಟಿದ ಕೈ ತೊಳೆಯಲು ಬಾವಿಯ ಬಳಿ ಇರುತ್ತಿದ್ದ. ಬಂದವನು ನೇರವಾಗಿ ಮುಂದಿನ ಕಂಬಕ್ಕೆ ಹೋಗುತ್ತಿದ್ದ.

ಮರುದಿನ ನೋಡಿದರೆ ಸತ್ತವನ ಪಕ್ಕದವನೇ ಸತ್ತಿರುತ್ತಿದ್ದ. ಅದರ ಮರುದಿನ ಅವನ ಪಕ್ಕದವಳು. ಸತ್ತವರು ಪಕ್ಕದವರನ್ನು ಕರೆಯುತ್ತಿದ್ದಾರೆಂದು ಹೆದರಿ ಆಳುಗಳು ಚಾಪೆಗಳನ್ನು ಇನ್ನೂ ಬೇಗ ಎಳೆದರು. ವೈದ್ಯನಿಗೆ ದಿಕ್ಕೇ ತೋಚಲಿಲ್ಲ.

ಒಂದು ಬೆಳಿಗ್ಗೆ ಹೆಂಡತಿಯ ಪಕ್ಕದ ಮುದುಕ ಹೋಗಿದ್ದ. ಮುಂದಿನ ಸರದಿ ಅವಳದೇ ಎಂದುಕೊಂಡ ವೈದ್ಯ ಕೈ ತೊಳೆದು ಓಡಿ ಬಂದ. ಮುದುಕನ ಮುಂದಿನ ಕಂಬ ಹೆಂಡತಿಯದು ಎಂಬುದೊಂದೇ ತಲೆಯಲ್ಲಿತ್ತು. ಅಲ್ಲಿ ಕಂಬಳಿಯೊಳಗಿಂದ ಚಾಚಿದ ಕೈಗೆ ಬಟ್ಟಲು ಕೊಟ್ಟ. ಮುಖ ನೋಡಿದರೆ ಎಲ್ಲರೆದುರು ಅತ್ತುಬಿಟ್ಟೇನೆಂದು ಹೆದರಿ, ನೋಡಲಿಲ್ಲ.

ಹಿಂದಿನಿಂದ ಆಳು ಕೂಗಿದ: “ಅಯ್ಯನೋರೇ, ಈ ಕಂಬದ ಅಮ್ಮ ಕಷಾಯ ಕೇಳ್ತಾವ್ರೆ.”

ಕುಡಿದವರೂ ಬಾಯಾರಿ ಮತ್ತೆ ಕೇಳುವುದಿತ್ತು. “ಆ ಕಂಬ ಆಯ್ತಲ್ಲೋ! ಅಲ್ಲೇ ನಿಂತರೆ ಮಿಕ್ಕವರ ಗತಿ ಏನು?” ಎಂದು ತಿರುಗಿಯೂ ನೋಡದೆ ಗದರಿ ವೈದ್ಯ ಮುಂದೆ ನಡೆದ.

ಮರುದಿನ ಮುದುಕನಿದ್ದ ಆ ಕಂಬದ ಬಳಿ ಕಂಬಳಿ ಸರಿಸಿದರೆ ಹೆಂಡತಿ ತಣ್ಣಗಾಗಿದ್ದಳು. ಆಚೆಯ ಕಂಬದಿಂದ ಒಂದು ಕೈ ಕಷಾಯಕ್ಕಾಗಿ ಚಾಚಿತು. ಅದರ ಮೇಲೆ ಹಚ್ಚೆ ಇತ್ತು. ನಿನ್ನೆ ಬಟ್ಟಲು ಹಿಡಿದದ್ದೂ ಹಚ್ಚೆಯ ಕೈಯೇ. ಅವನ ಹೆಂಡತಿ ಹಚ್ಚೆ ಹಾಕಿಸಿಕೊಂಡವಳೇ ಅಲ್ಲ. ಅಯ್ಯೋ, ಒಂದು ಕಂಬವನ್ನೂ ಅವನು ತಪ್ಪಿಸಿರಲಿಲ್ಲ. ತಪ್ಪಿದ್ದು ಜನ.

ವಸುಮತಿಗೆ ತಡೆಯಲಾಗಲಿಲ್ಲ. “ನನ್ನ ಪಟ್ಟಿಯಲ್ಲೂ ಹೆಸರು ತೆಗೆದ ಕೂಡಲೇ ಕೆಳಗಿನವು ಮೇಲೆ ಸರಿದಿವೆ! ಕೊನೆಯ ಕಂಬದಿಂದ ಶುರುಮಾಡಿ ಈಚೆಗೆ ಬಂದಿದ್ದರೆ ಸಾಕಿತ್ತಲ್ಲ ಮೇಷ್ಟ್ರೇ! ಚಾಪೆ ಎಳೆದರೂ ಯಾರೂ ತಪ್ಪುತ್ತಿರಲಿಲ್ಲ.”

“ಹಾಗೇ ಬಂದ ತಾಯಿ, ಹೆಂಡತಿಯ ಹೆಣ ಎತ್ತಿದ ಮೇಲೆ,” ಎಂದರು ಮೇಷ್ಟ್ರು.