ಯಾರೂ ಕೇಳದ ವಿಳಾಸ

ಹೊಳೆಯ ದಡದ ಮಠವೊಂದರಲ್ಲಿ ವೃದ್ಧ ಗುರುಗಳಿದ್ದರು. ಮಠದ ಮಿಂಚಂಚೆಯನ್ನು ಸಾಗಿಸುವ ಸರ್ವರ್ ಯಂತ್ರವನ್ನು ನೋಡಿಕೊಳ್ಳುವ ಕಾಯಕ ಶಿಷ್ಯ ಚನ್ನಮಲ್ಲನದು.

ಒಂದು ಮುಂಜಾನೆ ಗುರುಗಳು ಕೇಳಿದರು: "ಅಡವಯ್ಯನಿಂದ ಉತ್ತರ ಬಂದಿತೇ?"

"ಇಲ್ಲ, ಬುದ್ಧಿ."

"ಬಾರದು. ಕಲ್ಲಿಗೆ ಬರೆದಿದ್ದರೆ ಕಲ್ಲಾದರೂ ಕರಗುತ್ತಿತ್ತು."

ಅಡವಯ್ಯ ಗುರುಗಳ ಹಿರಿಯ ಶಿಷ್ಯ. ಹೊಳೆಯ ಕೆಳಗಣ ಸೀಮೆಯಲ್ಲಿ ಬೇರೆ ಮಠ ಕಟ್ಟುವೆನೆಂದು ಅವನು ಹೊರಟು ನಿಂತಾಗ ಗುರುಗಳು ಮುನಿದು, "ನಾನಾಗಿ ಕರೆಯುವವರೆಗೆ ಈ ಹೊಸ್ತಿಲು ತುಳಿಯಬೇಡ" ಎಂದಿದ್ದರು. ಮುನಿಸು ಬೇಗನೆ ಇಳಿಯಿತು. ಅಂದಿನಿಂದ ಪ್ರತಿ ಶಿವರಾತ್ರಿಗೂ ಮಿಂಚಂಚೆಯಲ್ಲಿ "ಬಾ" ಎಂದು ಬರೆಯುತ್ತಲೇ ಇದ್ದರು.

"ಫೋನು ಹಚ್ಚಿ ಕೊಡಲೇ, ಬುದ್ಧಿ?"

"ಕರೆದದ್ದಾಯಿತು. ಇನ್ನೇನು, ಶಿಷ್ಯನ ಕಾಲು ಹಿಡಿಯಲೇ?"

ಚನ್ನಮಲ್ಲ ಮರೆಗೆ ಹೋಗಿ ತಾನೇ ಅಡವಯ್ಯನ ಮಠಕ್ಕೆ ಫೋನು ಮಾಡಿದನು. ಮರಳಿದಾಗ ಅವನ ಮುಖ ಬಾಡಿತ್ತು.

"ತಮ್ಮ ಒಂದು ಓಲೆಯೂ ಅಲ್ಲಿಗೆ ಮುಟ್ಟಿಲ್ಲವಂತೆ, ಬುದ್ಧಿ. ಕರೆ ಬಂದೀತೆಂದು ಅವರು ದಿನವೂ ಕಾಯುತ್ತಿದ್ದರಂತೆ."

"ಉಳಿದವರ ಓಲೆಗಳು?"

"ಎಲ್ಲರವೂ ಮುಟ್ಟುತ್ತಿವೆ."

ಗುರುಗಳು ಜಪಮಾಲೆಯನ್ನು ಕೆಳಗಿಟ್ಟರು. "ಹುಡುಕು."

ಚನ್ನಮಲ್ಲ ಹುಡುಕಿದನು. ಯಾವ ಹೆಸರಿನವರ ಅಂಚೆಯನ್ನು ಯಾವ ಯಂತ್ರಕ್ಕೆ ಒಯ್ಯಬೇಕೆಂದು ಹೇಳುವುದು ಡಿಎನ್‌ಎಸ್. ಅದನ್ನು ಕೇಳಿದನು. ಅದು ಅಡವಯ್ಯನ ಹೊಸ ಯಂತ್ರವನ್ನೇ ತೋರಿತು, ತಪ್ಪಿರಲಿಲ್ಲ. ಊರಿನ ಗೆಳೆಯನೊಬ್ಬನಿಗೆ ಅಲ್ಲಿಗೊಂದು ಓಲೆ ಕಳುಹಿಸಲು ಹೇಳಿದನು, ಮುಟ್ಟಿತು. ಮಠದಿಂದ ಕಳುಹಿಸಿದನು, ಮುಟ್ಟಲಿಲ್ಲ, ಮರಳಿಯೂ ಬರಲಿಲ್ಲ.

ಹೊತ್ತು ನೆತ್ತಿಗೇರಿದಾಗ ಬಂದು ತಲೆತಗ್ಗಿಸಿ ನಿಂತನು.

"ಸಿಕ್ಕಿತೇ?"

"ಸಿಕ್ಕಿತು, ಬುದ್ಧಿ. ಅಡವಯ್ಯನವರು ಇಲ್ಲಿರುವಾಗಲೇ ತಮ್ಮ ಹೊಸ ಮಠದ ಹೆಸರನ್ನು ನಮ್ಮ ಯಂತ್ರದಲ್ಲಿ ನೆಲೆಗೊಳಿಸಿದ್ದರು. ಮುಂದೆ ಬೇರೆ ಯಂತ್ರಕ್ಕೆ ಹೋದರು. ನಮ್ಮದರೊಳಗೆ ಮಾತ್ರ, ಇವರು ಈ ಮನೆಯವರು ಎಂಬ ಗುರುತು ಉಳಿದುಬಿಟ್ಟಿತು."

"ಉಳಿದರೇನು?"

"ಮನೆಯವರೆಂದ ಮೇಲೆ ಯಂತ್ರ ಹೊರಗೆ ವಿಚಾರಿಸುವುದಿಲ್ಲ. ತಾವು ಬರೆದದ್ದನ್ನೆಲ್ಲ ಇಲ್ಲಿಯೇ, ಅವರ ಹಳೆಯ ಪೆಟ್ಟಿಗೆಗೆ ಹಾಕುತ್ತ ಬಂದಿದೆ. ಲೋಕದವರ ಮಾತೆಲ್ಲ ಅವರಿಗೆ ತಲುಪಿತು. ನಮ್ಮದೊಂದೇ ಹೊಸ್ತಿಲು ದಾಟಲಿಲ್ಲ."

ಗುರುಗಳು ಹೊಳೆಯ ಕಡೆಗೆ ಮುಖ ತಿರುಗಿಸಿದರು.

"ಆ ಗುರುತನ್ನು ನಾನು ಅಂದೇ ಅಳಿಸಬೇಕಿತ್ತು. ಅಪರಾಧ ನನ್ನದು, ಬುದ್ಧಿ."

"ನಿನ್ನದೊಬ್ಬನದೇ ಅಲ್ಲ, ಮರಿ. ಮಠದ ಯಂತ್ರವಲ್ಲವೇ? ಮಠದ ಹಿರಿಯನಂತೆಯೇ ನಡೆದುಕೊಂಡಿದೆ."

ಚನ್ನಮಲ್ಲ ಹೇಳಿದನು: "ಈಗ ಅಳಿಸಿದ್ದೇನೆ. ತಾವು ಒಪ್ಪಿದರೆ ಹಳೆಯ ಓಲೆಗಳೆಲ್ಲ ಈ ಗಳಿಗೆಯಲ್ಲೇ ಹೋಗುತ್ತವೆ. ಆದರೆ..."

"ಆದರೆ?"

"ಅಡವಯ್ಯನವರ ದೃಷ್ಟಿ ಹೋಗಿದೆಯಂತೆ. ಯಾರಾದರೂ ಓದಿ ಹೇಳಬೇಕು."

ಗುರುಗಳು ಅವನ ಕಡೆಗೆ ತಿರುಗಿದರು. ಕೇಳಿದರು: "ಕಿವಿ?"

"ಕೇಳಿಸುತ್ತದಂತೆ."

ಗುರುಗಳು ಗೋಡೆ ಹಿಡಿದು ಎದ್ದರು. ಬೆತ್ತ ತೆಗೆದುಕೊಂಡು ಹೊಸ್ತಿಲು ದಾಟಿದರು. ಕೆಳಗೆ ದಡದಲ್ಲಿ ದೋಣಿಯೊಂದು ನಿಂತಿತ್ತು.

ಚನ್ನಮಲ್ಲ ಹಿಂದೆಯೇ ಓಡಿಬಂದನು. "ದಾರಿ ಗೊತ್ತೇ, ಬುದ್ಧಿ?"

"ನನ್ನ ಅಡವಯ್ಯನ ಮನೆಗೆ ನಾನು ದಾರಿ ಕೇಳುವುದೇ ಎಂದುಕೊಂಡಿದ್ದೆ, ಮರಿ. ಹೋಗು, ಅಂಬಿಗನನ್ನು ಕೇಳು."