ಎರಡು ಬಾಗಿಲ ಶೆಟ್ಟಿಯ ಹಗೇವು

ಎರಡು ರಾಜ್ಯದ ಗಡಿ ಮ್ಯಾಲ ಒಂದು ಊರಿತ್ತಂತ. ಆ ಊರಾಗ ಅಡಿವೆಪ್ಪ ಶೆಟ್ಟಿ ಅಂತ ಒಬ್ಬಾವ ಇದ್ದನಂತ. ಅವನ ಮನಿ ಗಡಿ ಮ್ಯಾಲೇ ಕುಂತಿತ್ತು. ಮೂಡಲ ಬಾಗಿಲು ಒಬ್ಬ ರಾಜಂದು, ಪಡುವಲ ಬಾಗಿಲು ಇನ್ನೊಬ್ಬಂದು. ಎರಡೂ ಕಡೆ ನೆಲದಾಗ ಕಾಳು ತುಂಬೋ ಹಗೇವು. ಊರ ಮಂದಿ ತಮ್ಮ ಕಾಳು ಕಾಪಾಡಾಕ ಅವನ ಕಡೆ ಇಡತಿದ್ದರು.

ಮೂಡಲ ರಾಜ ಹೇಳಿದ್ದನಂತ: "ಮಂದಿ ಇಟ್ಟ ಕಾಳು ನನ್ನ ಸೀಮ್ಯಾಗ ಯಾರೂ ಮಾರಬಾರದು." ಪಡುವಲ ರಾಜ ಹೇಳಿದ್ದನಂತ: "ಬೇಕಾದ್ರ ಮಾರ್ರಿ, ಆದರ ನನ್ನ ಸೀಮ್ಯಾಗ ಇಟ್ಟವರು ಕೇಳಿದಾಗ ತಿರುಗಿ ಕೊಡ್ರಿ." ಎರಡೂ ಚಲೋ ಮಾತೇ. ಆದರ ಶೆಟ್ಟಿ ಶಾಣ್ಯಾ ನೋಡ್ರಿ! ಮೂಡಲ ಬಾಗಿಲಾಗ ಕಾಳು ಇಸಗೊಂಡ, ಒಳಗಿಂದೊಳಗ ಪಡುವಲಕ್ಕ ಸಾಗಿಸಿದ, ಅಲ್ಲಿ ಮಾರಿದ. "ತಲಿ ಅಂದ್ರ ಅಡಿವೆಪ್ಪಂದು" ಅಂತ ಊರು ಹೊಗಳಿತಂತ. ಎಲ್ಲಿಂದ ಬಂತಪಾ ಇಷ್ಟು ಲಾಭ ಅಂತ ಒಬ್ಬರೂ ಕೇಳಲಿಲ್ಲ.

ಹದ ಮಳಿ ಬಿತ್ತು. ಮೂಡಲ ಬಾಗಿಲಾಗ ಬೀಜದ ಜೋಳ ಇಟ್ಟಿದ್ದ ನಿಂಬೆವ್ವ ಅನ್ನೋ ಒಕ್ಕಲಗಿತ್ತಿ ಓಡಿ ಬಂದಳು.

"ಹಸಿ ಆರೂದರೊಳಗ ಬಿತ್ತಬೇಕೋ ಅಣ್ಣಾ. ಇಲ್ಲಂದ್ರ ನಮ್ಮ ವರ್ಷಾನೇ ಹೋತು."

"ನಿನ್ನ ಕಾಳು ಈ ಕಡೆ ಇಲ್ಲವ್ವಾ," ಅಂದನಂತ ಶೆಟ್ಟಿ.

ಮೂಡಲ ಅಧಿಕಾರಿ ಕಡೆ ಹೋದಳು. "ಮಾರಿದ್ದು ನಮ್ಮ ಸೀಮ್ಯಾಗಲ್ಲ," ಅಂದ. ಪಡುವಲ ಅಧಿಕಾರಿ ಕಡೆ ಹೋದಳು. "ಇಟ್ಟದ್ದು ನಮ್ಮ ಸೀಮ್ಯಾಗಲ್ಲ," ಅಂದ. ತಿರುಗಿ ಬಂದು ಶೆಟ್ಟಿ ಕಟ್ಟಿ ಮ್ಯಾಲ ಕುಂತು ಅತ್ತಳಂತ.

ಶೆಟ್ಟಿ ಹೆಂಡ್ತಿ ಬಾಳವ್ವ ಹೊರಗ ಬಂದು ಬೀಜದ ಸುದ್ದಿ ಕೇಳಿದಳು. ಪಾಪ, ಗಂಡನ ಆಟ ಆಕಿಗೆ ಗೊತ್ತಿಲ್ಲ. ಮುತ್ತೈದಿ ಬಾಗಿಲಿಗೆ ಬಂದ್ರ ಬರಿ ಉಡೀಲೆ ಕಳಿಸತಾರೇನು? ಉಡಿ ತುಂಬೋ ಕಾಳು ತರಾಕ ಮೊರ ಹಿಡಕೊಂಡು ಹಗೇವಿಗೆ ಹೋದಳು. ಮೂಡಲ ಹಗೇವು ಬರಿದು. ಪಡುವಲ ಹಗೇವೂ ಬರಿದು.

"ನಿಂಬೆವ್ವನ ಬೀಜ ಎಲ್ಲೈತ್ರೀ?" ಅಂತ ಗಂಡನ್ನ ಕೇಳಿದಳು.

"ನಾ ಯಾವ ರಾಜನ ಕಟ್ಟಳೀನೂ ಮುರಿದಿಲ್ಲ."

"ಅದನ್ನ ಕೇಳಲಿಲ್ಲ ನಾ. ಉಡಿ ತುಂಬಾಕ ಏನೈತಿ?"

ಬಾಳವ್ವ ಹೊರಗ ಹೋಗಿ ನಿಂಬೆವ್ವನ ಮಗ್ಗಲಾಗ ಕುಂತು ತನ್ನ ಸೆರಗೂ ಒಡ್ಡಿದಳಂತ. "ನನಗೂ ತುಂಬ್ರಿ," ಅಂದಳು. ಊರು ಕೂಡಿತು. ಶೆಟ್ಟಿಗೆ ನಾಚಿಕಿ ಆತು. ಎಂಥಾ ನಾಚಿಕಿ ಅಂತೀರಿ, ಭೂಮಿ ಬಾಯಿ ಬಿಟ್ರ ಇಳಿದುಹೋಗತಿದ್ದ.

ಎತ್ತು ಮಾರಿದ, ಬಂಡಿ ಮಾರಿದ, ಬೀಜ ಕೊಂಡು ಹಾಡಹಗಲೇ ತಲಿ ಮ್ಯಾಲ ಹೊತ್ತು ಕಾಳು ಇಟ್ಟವರ ಮನಿಮನಿಗೆ ಮುಟ್ಟಿಸಿದ. ಯಾರೂ ಬೈಯಲಿಲ್ಲಂತ. ಬೈದಿದ್ರ ಚಲೋ ಇತ್ತು. ಸುದ್ದಿ ಕೇಳಿ ರಾಜರಿಬ್ಬರೂ ತಲಿ ತಗ್ಗಿಸಿದರು. "ಎಲ್ಲೇ ಇಡ್ಲಿ, ಎಲ್ಲೇ ಮಾರ್ಲಿ, ಇಟ್ಟವರು ಕೇಳಿದಾಗ ಕೊಡಬೇಕು" ಅಂತ ಒಂದೇ ಕಟ್ಟಳಿ ಮಾಡಿದರು.

ನಿಂಬೆವ್ವ ಬಿತ್ತಿದಳು, ಬೆಳಿ ಬಂತು. ಹೊಸ ಜೋಳದ ರೊಟ್ಟಿ ತಟ್ಟಿ ಶೆಟ್ಟಿ ಮನಿಗೂ ಕಳಿಸಿದಳಂತ. ಬಾಳವ್ವ ಬಡಿಸಿದಳು. ಶೆಟ್ಟಿ ಗಂಗಾಳದ ಮುಂದ ಕುಂತಾವ ಕೈ ಹಾಕಲೇ ಇಲ್ಲಂತ.

ಅವರ ರೊಟ್ಟಿ ಅವರಿಗೆ, ನಮ್ಮ ಕತಿ ನಿಮಗ.